ಹಿಟ್ಟಿನ ಪಿಕಪ್ ಮತ್ತು ನಾನು ಬರೆದ ಒಂದು ಸಾಲು

2022ರಲ್ಲಿ ನಾನು ಸುಂಕದಕಟ್ಟೆ ಹತ್ತಿರದ ಒಂದು ಸರಕು ವಾಹನ ಸರ್ವಿಸ್ ಸೆಂಟರ್‌ನಲ್ಲಿ ದೋಷ ಪತ್ತೆ ವಿಭಾಗದ ಮುಖ್ಯಸ್ಥನಾಗಿದ್ದೆ. ರಾಜಾಜಿನಗರದ ಒಂದು ಪುಟ್ಟ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತವನು ನಾನು. ಆಗ ಇಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದೆವು. ಈಗಿನ ಗಾಡಿಗಳಿಗೆ ಲ್ಯಾಪ್‌ಟಾಪ್ ಜೋಡಿಸಬೇಕು. ಇಪ್ಪತ್ತೊಂಬತ್ತು ವರ್ಷದ ಅನುಭವದ ಜೊತೆಗೆ ಲ್ಯಾಪ್‌ಟಾಪೂ ಕೈಗೆ ಬಂದಿದ್ದರಿಂದ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಮಾರ್ಚ್‌ನಲ್ಲಿ ಹೇರೋಹಳ್ಳಿಯಿಂದ ಒಂದು ಡೀಸೆಲ್ ಪಿಕಪ್ ಬಂತು. ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಒಡತಿ ವಿಮಲಾ ಅವರದು ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ. ಮನೆಯ ಪಕ್ಕದ ಶೆಡ್ಡಿನಲ್ಲಿ ರುಬ್ಬಿಸಿ, ಇಪ್ಪತ್ತು ಕೆಜಿಯ ಡ್ರಮ್ಮುಗಳಲ್ಲಿ ತುಂಬಿಸಿ, ಬೆಳಿಗ್ಗೆ ಐದೂವರೆಗೆ ವಿಜಯನಗರ, ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್ ಕಡೆಯ ಹೋಟೆಲುಗಳಿಗೆ ಕಳಿಸುತ್ತಿದ್ದರು. ಗಾಡಿ ಓಡಿಸುತ್ತಿದ್ದವರು ರಂಗಪ್ಪ. ವಯಸ್ಸು ಐವತ್ತಾರು, ಮೊದಲು ಲಾರಿ ಡ್ರೈವರ್ ಆಗಿದ್ದವರು. ಮಾತು ಕಡಿಮೆ.

ದೂರು ಇಷ್ಟೇ: ಒಮ್ಮೊಮ್ಮೆ ದಾರಿಯಲ್ಲಿ ನಿಲ್ಲಿಸಿದ ಮೇಲೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ಮೋಟಾರ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ನಮ್ಮ ಬ್ರೇಕ್‌ಡೌನ್ ವ್ಯಾನ್ ಎರಡು ಸಲ ಹೋಗಿತ್ತು. ಎರಡು ಸಲವೂ ನಮ್ಮ ಹುಡುಗರು ತಲುಪುವ ಹೊತ್ತಿಗೆ ಗಾಡಿ ಸರಿಯಾಗಿತ್ತು. ಬೇಸಿಗೆಯಲ್ಲಿ ಹಿಟ್ಟು ಕಾಯುವುದಿಲ್ಲ. ಡ್ರಮ್ಮಿನ ಮುಚ್ಚಳ ಎತ್ತಿಕೊಂಡು ಉಕ್ಕಿ ಹರಿಯುತ್ತದೆ, ಹೋಟೆಲಿನವರು ವಾಪಸ್ ಕಳಿಸುತ್ತಾರೆ.

ಮೊದಲ ದಿನವೇ ರಂಗಪ್ಪ ನನಗೆ ಹೇಳಿದ್ದರು: "ಖಾಲಿ ಗಾಡೀಲಿ ಮಾಡಲ್ಲ ಸಾರ್. ಮಾಲಿದ್ದಾಗ ಮಾತ್ರ ಮಾಡುತ್ತೆ."

ನಾನು ತಲೆಯಾಡಿಸಿದೆ, ಬರೆದುಕೊಳ್ಳಲಿಲ್ಲ. ಸ್ಟಾರ್ಟ್ ಆಗುವ ಇಂಜಿನ್‌ಗೆ ಹಿಂದೆ ಎಷ್ಟು ಮಾಲಿದೆ ಅನ್ನುವುದು ಗೊತ್ತಾಗುವುದೇ ಇಲ್ಲ. ಭಾರ ತಿಳಿಯುವುದು ಗೇರ್ ಹಾಕಿ ಕ್ಲಚ್ ಬಿಟ್ಟ ಮೇಲೆ. ಹಾಗಾಗಿ ಆ ಮಾತಿಗೆ ಅರ್ಥವಿಲ್ಲ ಅಂದುಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಪಿಕಪ್‌ನಲ್ಲಿ ಟ್ಯಾಂಕಿನೊಳಗೆ ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಅದು ಡೀಸೆಲನ್ನು ಮುಂದಕ್ಕೆ ತಳ್ಳಿದರೆ, ಇಂಜಿನ್ ಪಕ್ಕದ ದೊಡ್ಡ ಪಂಪ್ ಅದನ್ನು ವಿಪರೀತ ಒತ್ತಡದಲ್ಲಿ ರೈಲ್ ಎಂಬ ದಪ್ಪ ಕೊಳವೆಗೆ ತುಂಬುತ್ತದೆ. ರೈಲಿನಲ್ಲಿ ಸುಮಾರು ಇನ್ನೂರು ಬಾರ್ ಒತ್ತಡ ಬಾರದ ಹೊರತು ಇಂಜಿನ್‌ನ ಕಂಪ್ಯೂಟರ್ ಡೀಸೆಲ್ ಸಿಂಪಡಿಸಲು ಬಿಡುವುದಿಲ್ಲ. ಲ್ಯಾಪ್‌ಟಾಪ್ ಹಾಕಿದಾಗ ಹಳೆಯ ದಾಖಲೆಯೊಂದು ಸಿಕ್ಕಿತು: ರೈಲ್ ಒತ್ತಡ ಕಡಿಮೆ. ಡೀಸೆಲ್ ಫಿಲ್ಟರ್ ಬದಲಿಸಿ ಕಳಿಸಿದೆ. ಒಂಬತ್ತು ದಿನಕ್ಕೆ ಗಾಡಿ ವಾಪಸ್ ಬಂತು. ಒತ್ತಡ ಅಳೆಯುವ ಸೆನ್ಸರ್ ಬದಲಿಸಿದೆ. ಮತ್ತೆ ಬಂತು. ಮೂರನೇ ಸಲ ಮೂರು ದಿನ ನಮ್ಮಲ್ಲೇ ಇಟ್ಟುಕೊಂಡು, ತಣ್ಣಗಿದ್ದಾಗ, ಬಿಸಿಯಿದ್ದಾಗ, ಒಟ್ಟು ನಲವತ್ತಕ್ಕೂ ಹೆಚ್ಚು ಸಲ ಸ್ಟಾರ್ಟ್ ಮಾಡಿದೆವು. ಒಂದು ಸಲವೂ ಕೈಕೊಡಲಿಲ್ಲ.

ಆ ಸಂಜೆ, ಗ್ರಾಹಕರಿಗೂ ಒಂದು ಪ್ರತಿ ಹೋಗುವ ಜಾಬ್ ಕಾರ್ಡ್ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆ. ವಾಹನದಲ್ಲಿ ದೋಷವಿಲ್ಲ, ಚಾಲಕ ಸರಿಯಾಗಿ ಬಳಸುತ್ತಿಲ್ಲವೆಂಬ ಅನುಮಾನವಿದೆ ಎಂಬುದು ಅದರ ಅರ್ಥ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಫೈಲ್ ಮುಚ್ಚಬೇಕಿತ್ತು, ಮುಚ್ಚಿದೆ.

ನಾಲ್ಕು ದಿನದ ನಂತರ ರಂಗಪ್ಪ ಒಬ್ಬರೇ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಆ ಜಾಬ್ ಕಾರ್ಡಿನ ಪ್ರತಿ.

"ಸಾರ್, ಇದ್ರಲ್ಲಿ ಏನು ಬರೆದಿದೀರ, ಒಂಚೂರು ಕನ್ನಡದಲ್ಲಿ ಹೇಳಿ."

ಓದಿ ಹೇಳದೆ ಬೇರೆ ದಾರಿ ಇರಲಿಲ್ಲ. ಅವರ ಮುಖ ನೋಡಿಕೊಂಡೇ ನನ್ನ ಸಾಲನ್ನು ಕನ್ನಡದಲ್ಲಿ ಹೇಳಿದೆ.

"ಇದಕ್ಕೇ ಮೇಡಂ ಹಂಗಂದ್ರು. ದಾರೀಲಿ ನಿಲ್ಸಿ ರೆಸ್ಟ್ ಮಾಡ್ತೀರೇನೋ ಅಂತ ಕೇಳಿದ್ರು. ಮುಂದಿನ ವಾರ ಬೇರೆ ಡ್ರೈವರ್ ಬರ್ತಾನಂತೆ." ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದರು: "ಕೆಲಸ ಇನ್ನೊಂದು ಸಿಗುತ್ತೆ ಸಾರ್, ಅದಲ್ಲ. ಮೂವತ್ತು ವರ್ಷ ಲಾರಿ ಓಡ್ಸಿದೀನಿ. ಕೀ ತಿರುಗ್ಸೋಕೆ ಬರಲ್ವಾ ನಂಗೆ? ಒಂದು ದಿನ ನನ್ ಜೊತೆ ಗಾಡೀಲಿ ಬನ್ನಿ. ಆಮೇಲೂ ಇದೇ ಬರೆದ್ರೆ ಬರೀರಿ."

ಮಾರನೆಯ ಬೆಳಿಗ್ಗೆ ಐದೂಕಾಲಿಗೆ ಹೇರೋಹಳ್ಳಿಗೆ ಹೋದೆ. ಐವತ್ತಾರು ಡ್ರಮ್ಮು, ಸಾವಿರದ ನೂರಿಪ್ಪತ್ತು ಕೆಜಿ ಹಿಟ್ಟು. ಶೆಡ್ಡಿನ ಮುಂದೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಊರೊಳಗಿನ ಗುಂಡಿಗಳಲ್ಲಿ ಇಂಜಿನ್ ಎರಡು ಸಲ ಮುಗ್ಗರಿಸಿದ ಹಾಗಾಯಿತು. ರಂಗಪ್ಪ ನನ್ನ ಕಡೆ ನೋಡಿದರು.

ಮೊದಲ ಹೋಟೆಲ್ ಬಸವೇಶ್ವರನಗರದ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿತ್ತು. ಬೇರೆ ಗಾಡಿಗಳಿಗೆ ಜಾಗ ಬಿಡಲೆಂದು ರಂಗಪ್ಪ ಹಿಂದಿನ ಎಡಚಕ್ರವನ್ನು ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿದರು.

"ಇಳಿಸೋಕೆ ಮುಂಚೆ ಒಂದ್ಸಲ ಸ್ಟಾರ್ಟ್ ಮಾಡಿ," ಎಂದೆ.

ಸೆಲ್ಫ್ ತಿರುಗಿತು. ಇಂಜಿನ್ ಹತ್ತಲಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ರೈಲ್ ಒತ್ತಡ ಮೂವತ್ತೈದು ಬಾರ್ ದಾಟಲಿಲ್ಲ. ಮೂರು ವಾರ ಹುಡುಕಿದ್ದು ಕಣ್ಣೆದುರಿಗಿತ್ತು. ನನ್ನ ಸಂತೋಷ ನೋಡಿ ರಂಗಪ್ಪನಿಗೆ ಆಶ್ಚರ್ಯವಾಗಿರಬೇಕು.

ಹೋಟೆಲಿನ ಹುಡುಗರು ಡ್ರಮ್ ಇಳಿಸಲು ಬಂದರು. "ಯಾರೂ ಮುಟ್ಟಬೇಡಿ!" ಎಂದು ಕೂಗಿದೆ. ಅಷ್ಟರಲ್ಲಿ ನನಗೆ ಹೊಳೆದಿತ್ತು. ಪ್ರತಿ ಸಲವೂ ಗಾಡಿ ಕೆಟ್ಟಾಗ ಡ್ರಮ್ಮುಗಳನ್ನೆಲ್ಲ ಬೇರೆ ಗಾಡಿಗೆ ಹಾಕಲು ಇಳಿಸುತ್ತಿದ್ದರು, ಇಳಿಸಿದ ಮೇಲೆ ಅದು ತಾನಾಗಿ ಸರಿಹೋಗುತ್ತಿತ್ತು. ನಮ್ಮ ವರ್ಕ್‌ಶಾಪಿಗಂತೂ ಅದು ಯಾವತ್ತೂ ಖಾಲಿಯಾಗಿಯೇ, ಸಮತಟ್ಟು ನೆಲದ ಮೇಲೆಯೇ ನಿಂತಿತ್ತು.

ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿದೆ. ವಾಕಿಂಗ್‌ಗೆ ಬಂದವರು ನಿಂತು ನೋಡತೊಡಗಿದರು. ಟಾರ್ಚ್ ಬಿಟ್ಟು ಟ್ಯಾಂಕಿನಿಂದ ಬರುವ ವೈರುಗಳ ಕಟ್ಟನ್ನು ಹಿಂಬಾಲಿಸಿದೆ. ಗಾಡಿ ಕೊಂಡ ಮೇಲೆ ಮಾಲು ತುಂಬುವ ಹಿಂದಿನ ತೊಟ್ಟಿಯನ್ನು ಹೊರಗಿನ ಗ್ಯಾರೇಜಿನಲ್ಲಿ ಹೊಸದಾಗಿ ಮಾಡಿಸಿ ಕೂರಿಸಿದ್ದರು. ಅದರ ಅಡ್ಡಪಟ್ಟಿಯ ಬೋಲ್ಟ್ ಒಂದು ಬೇಕಾದ್ದಕ್ಕಿಂತ ಉದ್ದವಿತ್ತು. ತೊಟ್ಟಿಯಲ್ಲಿ ಟನ್ ಭಾರವಿದ್ದು, ಒಂದು ಚಕ್ರ ಮೇಲೇರಿದಾಗ ಗಾಡಿಯ ಅಡಿಚೌಕಟ್ಟಾದ ಚಾಸಿ ಕೊಂಚ ತಿರುಚಿಕೊಳ್ಳುತ್ತದೆ. ಆಗ ಆ ಬೋಲ್ಟ್ ಕೆಳಗಿಳಿದು ವೈರುಗಳನ್ನು ಒತ್ತುತ್ತಿತ್ತು. ಟ್ಯಾಂಕ್ ಪಂಪಿಗೆ ಹೋಗುವ ವೈರಿನ ಹೊರಗಿನ ಪ್ಲಾಸ್ಟಿಕ್ ಹರಿದಿರಲಿಲ್ಲ, ಒಳಗಿನ ತಾಮ್ರ ತುಂಡಾಗಿತ್ತು. ಭಾರವಿಲ್ಲದಾಗ ಆ ತುಂಡುಗಳು ಒಂದಕ್ಕೊಂದು ತಾಗಿಕೊಂಡು ಕರೆಂಟ್ ಹರಿಯುತ್ತಿತ್ತು. ಗುಂಡಿಯಲ್ಲಿ ಕ್ಷಣ ಮಾತ್ರ ಕರೆಂಟ್ ತಪ್ಪಿದರೆ ಮುಗ್ಗರಿಕೆ, ನಿಂತಾಗ ತಪ್ಪಿದರೆ ಸ್ಟಾರ್ಟ್ ಇಲ್ಲ.

ವೈರನ್ನು ಕೈಯಿಂದ ಪಕ್ಕಕ್ಕೆ ಎಳೆದು ಹಿಡಿದು ಕೂಗಿದೆ: "ರಂಗಪ್ಪನವರೇ, ಕೀ ಹಾಕಿ!"

ಟ್ಯಾಂಕಿನೊಳಗೆ ಪಂಪ್ ಗುಂಯ್ ಎಂದಿತು. ಮರುಕ್ಷಣ ಇಂಜಿನ್ ಶುರುವಾಯಿತು. ಗಾಡಿಯಡಿ ಅಂಗಾತ ಮಲಗಿಕೊಂಡೇ ನಾನು ನಕ್ಕುಬಿಟ್ಟೆ. ಮೇಲಿನಿಂದ ರಂಗಪ್ಪನವರ ದನಿ ಕೇಳಿಸಿತು: "ಸಾರ್, ಹೊರಗೆ ಬನ್ನಿ, ಕಾಫಿ ಕುಡಿಯೋಣ."

ವೈರನ್ನು ದೂರಕ್ಕೆ ಎಳೆದು ಕಟ್ಟಿ ಅವತ್ತಿನ ಸುತ್ತು ಮುಗಿಸಿದೆವು. ಹಿಟ್ಟೆಲ್ಲ ಹೊತ್ತಿಗೆ ಸರಿಯಾಗಿ ತಲುಪಿತು. ಆಮೇಲೆ ವರ್ಕ್‌ಶಾಪಿನಲ್ಲಿ ತುಂಡಾದ ಭಾಗ ಕತ್ತರಿಸಿ ಬೆಸುಗೆ ಹಾಕಿ, ವೈರಿನ ದಾರಿ ಬದಲಿಸಿ, ಗಿಡ್ಡ ಬೋಲ್ಟ್ ಕೂರಿಸಿದೆವು. ಒಟ್ಟು ಎರಡು ಗಂಟೆಯ ಕೆಲಸ.

ವಿಮಲಾ ಅವರನ್ನು ಕರೆಸಿ ಆ ಬೋಲ್ಟ್ ತೋರಿಸಿದೆ. ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಅವರು ರಂಗಪ್ಪನವರ ಕಡೆ ತಿರುಗಿದರು. "ನಾನು ಪೇಪರ್ ನಂಬಿದೆ ರಂಗಪ್ಪೋರೆ. ನಿಮ್ಮನ್ನ ನಂಬಬೇಕಿತ್ತು. ತಪ್ಪಾಯ್ತು."

"ಪೇಪರ್ ಬರೆದಿದ್ದು ನಾನು," ಎಂದೆ. "ಈಗ ಬೇರೆ ಬರೆದುಕೊಡ್ತೀನಿ."

"ಕನ್ನಡದಲ್ಲಿ ಬರೀರಿ ಸಾರ್," ಎಂದರು ರಂಗಪ್ಪ. "ನಾನೇ ಓದ್ಕೋಬೇಕು."

ಬರೆದುಕೊಟ್ಟೆ. ದೋಷ ವೈರಿನಲ್ಲಿತ್ತು, ಚಾಲಕರ ತಪ್ಪು ಏನೂ ಇರಲಿಲ್ಲ, ಅವರು ಮೊದಲ ದಿನ ಹೇಳಿದ ಮಾತೇ ಸರಿಯಾಗಿತ್ತು ಎಂದು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಎರಡು ಸಲ ಓದಿದರು. ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡು, ನನ್ನ ಕೈ ಕುಲುಕಿ, ಗಾಡಿ ತೆಗೆದುಕೊಂಡು ಹೋದರು. ಇವತ್ತಿಗೂ ಅದೇ ಗಾಡಿ ಓಡಿಸುತ್ತಿದ್ದಾರೆ.

ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಅದು ಕಾಣಿಸಿಕೊಳ್ಳುವ ಜಾಗಕ್ಕೇ ಹೋಗಿ ನೋಡಬೇಕೆಂದು ಅವತ್ತು ಕಲಿತೆ. ಆದರೆ ಅದಕ್ಕಿಂತ ಕಷ್ಟದ ಪಾಠ ಇನ್ನೊಂದಿತ್ತು. ನನಗೆ ಹೊಳೆಯದ್ದನ್ನು ಇನ್ನೊಬ್ಬರ ತಪ್ಪೆಂದು ಬರೆಯಲು ಎಷ್ಟು ಸುಲಭವಾಗಿ ಪೆನ್ನು ಓಡಿತ್ತು! ಅಲ್ಲಿಂದೀಚೆಗೆ ಹುಡುಕಿ ಹುಡುಕಿ ಸಿಗದೆ ಹೋದಾಗ ಜಾಬ್ ಕಾರ್ಡ್ ಮೇಲೆ 'ಕಾರಣ ಇನ್ನೂ ಗೊತ್ತಾಗಿಲ್ಲ' ಎಂದಷ್ಟೇ ಬರೆದು, ಕೆಳಗೆ ನನ್ನ ಹೆಸರು ಹಾಕುತ್ತೇನೆ.