ನನ್ಹತ್ರಾನೂ ಒಂದು ಕಾಪಿ

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಾತ ಯಾರ ಫೋನಿಗೆ ಯಾವ ಹಾಡು ತುಂಬಿದರೂ ಕನ್ನಡಕ ಹಣೆಗೇರಿಸಿ, "ನನ್ಹತ್ರಾನೂ ಒಂದು ಕಾಪಿ ಇರ್ಲಿ ರೀ" ಎನ್ನುತ್ತ ತನ್ನ ಕಂಪ್ಯೂಟರಿನಲ್ಲೂ ಉಳಿಸಿಕೊಳ್ಳುತ್ತಿದ್ದ. ಪೈರಸಿ ಕಾನೂನು ಬಿಗಿಯಾದಾಗ ಹೆದರಿ ಎಲ್ಲವನ್ನೂ ಅಳಿಸಿದ.

ಆಮೇಲೊಂದು ದಿನ ನಾನು ರೀಚಾರ್ಜಿಗೆ ನಿಂತಿದ್ದಾಗ, ಸವಳಂಗದ ಅಜ್ಜಿಯೊಬ್ಬಳು ಬಂದು ತಾನೇ ಹಿಂದೆ ಕ್ಯಾಸೆಟ್ಟಿಗೆ ಹಾಡಿದ್ದ ಸೋಬಾನೆ ಪದ ಕೇಳಿದಳು.

"ಅದರ ಹಕ್ಕು ಕಂಪನೀದೈತೆ. ಹಾಕಾಕೆ ಬರಲ್ಲ ಅಜ್ಜಿ."

"ಹಾಡಿದಾಕಿ ನಾನಲ್ಲೇನಪ್ಪ? ಮೊಮ್ಮಗಳ ಮದುವಿಗೆ ಬೇಕು. ಈಗ ಹಾಡಾಕೆ ದಮ್ಮಿಲ್ಲ."

ಆತ ಬಸ್ಸಿನ ಗದ್ದಲ ತಡೆಯಲು ಷಟರ್ ಅರ್ಧ ಎಳೆದು, ಅಜ್ಜಿಯ ಫೋನನ್ನೇ ಅವಳ ಬಾಯಿಯ ಬಳಿ ಹಿಡಿದ.

"ಹಾಡ್ರಿ ಅಜ್ಜಿ. ದಮ್ಮು ಹತ್ತಿದ್ರೆ ನಿಲ್ಸ್ರಿ, ಕಾಯ್ತೀನಿ."

ಒಂದೇ ಹಾಡಿಗೆ ಮಧ್ಯಾಹ್ನವೆಲ್ಲ ಹಿಡಿಯಿತು.

ಅಜ್ಜಿ ಹೋದ ಮೇಲೆ, "ನಿಮ್ಮ ಕಾಪಿ?" ಎಂದೆ.

ಕನ್ನಡಕ ಒರೆಸುತ್ತ ಅಂದ: "ಅಜ್ಜೀನ ಕೇಳಬೇಕಿತ್ತಲ್ರೀ. ಕೇಳಾಕೆ ನಾಚಿಕೆ ಆತು."