ಎಳೆಯದನ್ನೇ ಹೊಡೆಯುವ ಆರ್ಡಿಸ್

"ಅಜ್ಜಿ ಯಾಕಮ್ಮ ಯಾವಾಗ್ಲೂ ಮರಿ ಜಿಂಕೇನೇ ಹೊಡೀತಾಳೆ? ದೊಡ್ಡದು ಕಂಡ್ರೆ ಭಯಾನಾ ಅವಳಿಗೆ?"

ಎಲ್ಸಿಗೆ ಆಗ ನಾಲ್ಕು ತುಂಬಿ ಮೂರು ತಿಂಗಳು. ಕೊರಿನ್ ಮಗಳ ಕಾಲಿಗೆ ಹಿಮದ ಬೂಟು ತುರುಕುತ್ತಿದ್ದಳು, ಹಿಮ್ಮಡಿ ಒಳಗಿಳಿಯುತ್ತಿರಲಿಲ್ಲ. "ಭಯ ಗಿಯ ಏನಿಲ್ಲ. ಕಾಲು ಒತ್ತು ನೀನು," ಎಂದಳು. ಬೂಟು ಇಳಿಯಿತು. ಉತ್ತರ ಹೇಳುವುದು ಹಾಗೇ ಉಳಿಯಿತು.

ಆರ್ಡಿಸ್ ಕೊರಿನ್‌ಳ ಅತ್ತೆ. ಅವಳಿಗೂ ಭಯಕ್ಕೂ ದೂರ. ಹನ್ನೆರಡನೆಯ ವಯಸ್ಸಿನಿಂದ ನವೆಂಬರಿನ ಬೇಟೆಯನ್ನು ಒಂದು ವರ್ಷವೂ ಬಿಡದೆ ಕೋವಿ ಹಿಡಿದು ಗುಡ್ಡ ಹತ್ತಿದವಳು. ಉಳಿದ ತಿಂಗಳುಗಳಲ್ಲಿ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಬಡಿಸಿದವಳು, ಅದೂ ಮೂವತ್ತೊಂದು ವರ್ಷ. ವಿಸ್ಕಾನ್ಸಿನ್ನಿನ ಆ ಕಣಿವೆಯಲ್ಲಿ ಯಾರ ಮನೆಗೆ ಹೋದರೂ ಕೊಂಬಿನ ತಲೆಯೊಂದು ಗೋಡೆಯಿಂದ ಇಣುಕುತ್ತದೆ. ಆರ್ಡಿಸ್‌ಳ ಗೋಡೆಯ ಮೇಲಿದ್ದದ್ದು ಬೀಜದಂಗಡಿಯವರು ಕೊಟ್ಟ ಕ್ಯಾಲೆಂಡರು ಮಾತ್ರ. ಎಂಟು ಮಕ್ಕಳ ಮನೆಯಲ್ಲಿ ಹುಟ್ಟಿದವಳಿಗೆ ಜಿಂಕೆಯೆಂದರೆ ಊಟ. ಆ ವರ್ಷ ಹುಟ್ಟಿ, ತಾಯಿಯ ಹಾಲು ಬಿಟ್ಟು, ಶರತ್ಕಾಲದ ಜೋಳ ತಿಂದು ಮೈ ತುಂಬಿಕೊಂಡದ್ದನ್ನೇ ಅವಳು ಆರಿಸುತ್ತಿದ್ದಳು. ತಾಯಿಯನ್ನು ಹೊಡೆಯುತ್ತಿರಲಿಲ್ಲ. ಎಳೆಯವುಗಳಲ್ಲಿ ಎಷ್ಟೋ ಹೇಗೂ ಫೆಬ್ರವರಿಯ ಹಿಮದಲ್ಲಿ ಸಾಯುತ್ತವೆ, ತಾಯಿ ಉಳಿದರೆ ಮುಂದಿನ ವರ್ಷಕ್ಕೆ ಮತ್ತೆರಡು ಎಂಬುದು ಅವಳ ಲೆಕ್ಕಾಚಾರ.

"ಅತ್ತಿಗೆ, ಈ ಸಲ ಏನು ಹೊಡೆದ್ರಿ, ಮೊಲಾನಾ?" ಎಂದು ಮೈದುನ ಡ್ವೇನ್ ಪ್ರತಿವರ್ಷ ಕೇಳುತ್ತಿದ್ದ.

"ನಿನ್ನ ಕೊಂಬು ಎಷ್ಟು ಹೊತ್ತು ಬೇಯಿಸಿದ್ರೆ ಮೆತ್ತಗಾಗತ್ತೋ ಹೇಳು, ಆಮೇಲೆ ಮಾತಾಡೋಣ," ಎನ್ನುವುದು ಪ್ರತಿವರ್ಷದ ಉತ್ತರ.

ಆ ವರ್ಷ ಡ್ವೇನ್ ಕೇಳಿದಾಗ ಆರ್ಡಿಸ್ "ಎರಡು," ಎಂದಳು. ಅಷ್ಟೇ. ಡ್ವೇನ್ ನಗುವುದಕ್ಕೆ ತೆರೆದ ಬಾಯಿ ಮುಚ್ಚಿಕೊಂಡು ಚಾಕು ಮಸೆಯತೊಡಗಿದ.

ಆಗಸ್ಟಿನಲ್ಲಿ ಹಾರ್ಲನ್ ತೀರಿಕೊಂಡಿದ್ದ. ಆರ್ಡಿಸ್‌ಳ ಗಂಡ, ನಲವತ್ತಾರು ವರ್ಷದ ಸಂಸಾರ. ಹುಲ್ಲಿನ ಗಾಡಿಯ ಪಕ್ಕ ಬಿದ್ದವನು ಮತ್ತೆ ಏಳಲಿಲ್ಲ. ಆರ್ಡಿಸ್ ಅತ್ತದ್ದನ್ನು ಯಾರೂ ನೋಡಿಲ್ಲ. ಮಣ್ಣು ಮಾಡಿ ಬಂದು ಚರ್ಚಿನವರ ಪಾತ್ರೆಗಳನ್ನೆಲ್ಲ ತೊಳೆದು, ಯಾವುದು ಯಾರದೆಂದು ಹೆಸರು ಅಂಟಿಸಿ ವಾಪಸು ಕಳಿಸಿದಳು. ಹೇಗಿದ್ದೀರಿ ಎಂದರೆ ಹವಾಮಾನ ಹೇಳುತ್ತಿದ್ದಳು. ಕೊರಿನ್ ಮೊದಮೊದಲು ಗಾಬರಿಯಾದಳು. ಆಮೇಲೆ ಅವಳಿಗೂ ಅದೇ ರೂಢಿಯಾಯಿತು. ಇಬ್ಬರೂ ಪಕ್ಕಪಕ್ಕ ಕೂತು ಬಟ್ಟೆ ಮಡಿಸುವರು, ಮಳೆ ಬರಬಹುದು ಎನ್ನುವರು.

ಜಿಂಕೆ ಕೊಯ್ಯುವುದು ಯಾವತ್ತೂ ಆರ್ಡಿಸ್‌ಳ ಗ್ಯಾರೇಜಿನಲ್ಲೇ. ಶನಿವಾರ ಹೊಡೆದವು ಭಾನುವಾರ ಬೆಳಿಗ್ಗೆ ತೊಲೆಗೆ ನೇತಾಡುತ್ತಿದ್ದವು, ಒಂದೇ ತಾಯಿಯ ಎರಡು ಮರಿ. ಆರ್ಡಿಸ್ ಹಿಂಗಾಲಿನ ಸುತ್ತ ಚರ್ಮ ಬಿಡಿಸಿ ಎರಡು ಕೈಯಲ್ಲೂ ಹಿಡಿದು ಎಳೆದಳೆಂದರೆ ಒದ್ದೆ ಕಾಲುಚೀಲದ ಹಾಗೆ ಕಳಚಿ ಬರುತ್ತಿತ್ತು. ಅವಳ ಮಗ, ಕೊರಿನ್‌ಳ ಗಂಡ ಲೋವೆಲ್ ಮೂಳೆ ಬಿಡಿಸುವವನು. ಡ್ವೇನ್ ಮಾಂಸದ ಮೇಲಿನ ಬೆಳ್ಳಿಪೊರೆ ತೆಗೆಯುವವನು. ಕೊರಿನ್ ಬಿಳಿ ಕಾಗದದಲ್ಲಿ ಸುತ್ತುವವಳು. ಎಲ್ಸಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಪೊಟ್ಟಣಗಳ ಮೇಲೆ ಅಂಟುಪಟ್ಟಿ ಅಂಟಿಸುತ್ತಿದ್ದಳು. ಬೆರಳಿಗೇ ಜಾಸ್ತಿ ಅಂಟುತ್ತಿತ್ತು.

"ಲೇ ಲೋವೆಲ್, ಮೂಳೇಲೇ ಅರ್ಧ ಮಾಂಸ ಬಿಟ್ಟಿದ್ದೀಯಲ್ಲೋ. ನಾಯಿಗೆ ಹಬ್ಬ ಮಾಡ್ತಿದ್ದೀಯಾ?" ಎಂದ ಡ್ವೇನ್.

"ನಿಮ್ಮ ಕನ್ನಡಕ ಒರೆಸ್ಕೊಳ್ಳಿ ಚಿಕ್ಕಪ್ಪ. ಅದು ಮಾಂಸ ಅಲ್ಲ, ನಿಮ್ಮ ಕೈಗವಸು."

ಮೊದಲೆಲ್ಲ ಆ ದಿನದ ಸುಖ ಬೇರೊಂದಿತ್ತು. ಬೆನ್ನೆಲುಬಿನ ಒಳಮಗ್ಗುಲಲ್ಲಿ ಬೆರಳಿಗಿಂತ ಸ್ವಲ್ಪ ದಪ್ಪನೆಯ ಎರಡು ಎಳೆ ಒಳಮಾಂಸ ಸಿಗುತ್ತದೆ, ಚಾಕುವೇ ಬೇಡ, ಕೈಯಲ್ಲಿ ಕಿತ್ತರೆ ಬರುತ್ತದೆ. ಅದನ್ನು ಆರ್ಡಿಸ್ ಆಗಲೇ ಒಳಗೊಯ್ದು ಬೆಣ್ಣೆ, ಈರುಳ್ಳಿ ಹಾಕಿ ಹುರಿದು ತರುತ್ತಿದ್ದಳು. ನಿಂತಲ್ಲೇ, ರಕ್ತದ ಕೈ ಪ್ಯಾಂಟಿಗೆ ಒರೆಸಿಕೊಂಡು ತಿನ್ನುವುದು. ಜಿಂಕೆಗಳ ಮಿದುಳು ಸವೆಸುವ ರೋಗ ಕಣಿವೆಗೆ ಬಂದಮೇಲೆ ಅದು ನಿಂತಿತು. ಈಗ ತಲೆ ಕತ್ತರಿಸಿ ಪರೀಕ್ಷೆಗೆ ಕೊಡಬೇಕು. ವರದಿ ಬರುವತನಕ ಒಂದೊಂದು ಜಿಂಕೆಯ ಮಾಂಸವೂ ಬೇರೆಬೇರೆ ಟಬ್ಬಿನಲ್ಲಿ, ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಆ ನಿಯಮ ಕಾಯುತ್ತಿದ್ದವನು ಹಾರ್ಲನ್. ಏಳು ವರ್ಷದಿಂದ ಒಂದು ಸಲವೂ ತಪ್ಪಿರಲಿಲ್ಲ.

ಮಧ್ಯಾಹ್ನ ಲೋವೆಲ್ ಎರಡನೇ ಟಬ್ಬು ಮುಚ್ಚುವಾಗ ಕೇಳಿದ, "ಅಮ್ಮಾ, ಒಳಮಾಂಸ ಎಲ್ಲಿ? ನಾಲ್ಕೂ ಇಲ್ವಲ್ಲ."

"ಒಳಗಿಟ್ಟಿದ್ದೀನಿ," ಎಂದಳು ಆರ್ಡಿಸ್ ಬಾಗಿಲಲ್ಲಿ ನಿಂತು. ಎಲ್ಸಿ ಅವಳ ಹಿಂದಿನಿಂದ ಬಂದು ಬಕೆಟ್ಟಿನ ಮೇಲೆ ಕೂತಳು. ಮಗುವಿನ ಬಾಯಲ್ಲಿ ಈರುಳ್ಳಿ ವಾಸನೆ. ಈರುಳ್ಳಿ ಹಾಕಿ ಹುರಿದ ಆಲೂಗಡ್ಡೆ ತಿಂದಿರಬೇಕು ಅಂದುಕೊಂಡು ಕೊರಿನ್ ತುಟಿ ಒರೆಸಿದಳು.

ಹದಿನಾರನೇ ದಿನ ವರದಿ ಬಂತು. ಒಂದು ಜಿಂಕೆಗೆ ರೋಗವಿಲ್ಲ, ಇನ್ನೊಂದಕ್ಕೆ ಇದೆ.

"ಮನುಷ್ಯರಿಗೆ ಬಂದಿದ್ದು ನೀವು ಕಂಡಿದ್ದೀರಾ? ನಾನಂತೂ ಕೇಳಿಲ್ಲ. ಬೇಡದಿದ್ರೆ ನಂಗೆ ಕೊಡಿ," ಎಂದ ಡ್ವೇನ್ ಫೋನಿನಲ್ಲಿ. ಲೋವೆಲ್ ಕೊಡಲಿಲ್ಲ. ಆರ್ಡಿಸ್ ತಾನೇ ಆ ಟಬ್ಬನ್ನು ಟ್ರಕ್ಕಿಗೆ ಏರಿಸಿ, ಪಂಚಾಯ್ತಿಯ ಕಸದ ಪೆಟ್ಟಿಗೆಗೆ ಸುರಿದು, ಹಿಂದಿರುಗುವ ದಾರಿಯಲ್ಲಿ ಕೊರಿನ್‌ಳ ಮನೆಗೆ ಬಂದಳು. ಲೋವೆಲ್ ಕೆಲಸಕ್ಕೆ ಹೋಗಿದ್ದ. ಎಲ್ಸಿ ಮಲಗಿದ್ದಳು. ಕೊರಿನ್ ಸಿಂಕಿನ ಮುಂದಿದ್ದಳು. ಆರ್ಡಿಸ್ ಕೋಟು ಬಿಚ್ಚಲಿಲ್ಲ.

"ಆ ಒಳಮಾಂಸ ನಾನು ಹುರಿದೆ," ಎಂದಳು. "ಅವತ್ತೇ. ಎಲ್ಸಿಗೆ ಎರಡು ತುಂಡು ಕೊಟ್ಟೆ."

ಕೊರಿನ್ ನಲ್ಲಿ ನಿಲ್ಲಿಸಿದಳು. "ಯಾವ ಜಿಂಕೇದು?"

"ಎರಡೂ ಒಂದೇ ಬಾಣಲೇಲಿ ಹಾಕಿದ್ದೆ. ನಂಗೆ ಗೊತ್ತಿಲ್ಲ."

"ಉಳಿದದ್ದು?"

"ನಾನು ತಿಂದೆ. ಹಾರ್ಲನ್ ಬಾಗಿಲ ಹತ್ರ ಬೂಟು ಕುಟ್ಟಿ ಹಿಮ ಉದುರಿಸೋ ಸದ್ದು ಕೇಳಿಸ್ತು. ಬಿಸಿ ಇರುವಾಗ್ಲೇ ಕೊಡ್ಬೇಕು ಅಂತ ಒಲೆ ಹಚ್ಚಿದೆ. ಮಗು ಬಂದು ನಂಗೂ ಅಂತು. ಕೊಟ್ಟೆ. ಒಂದು ತಟ್ಟೆ ಅವನಿಗೂ ಹಾಕಿಟ್ಟಿದ್ದೆ ಕಣೆ. ಅದು ಹಾಗೇ ಇರೋದು ನೋಡಿದಾಗ ಅವನಿಲ್ಲ ಅಂತ ಗೊತ್ತಾಯ್ತು. ವರದಿ ಒಳ್ಳೇದು ಬಂದ್ರೆ ಯಾರಿಗೂ ಹೇಳೋದೇ ಬೇಡ ಅಂತ ಹದಿನಾರು ದಿನ ಸುಮ್ನಿದ್ದೆ."

ಕೊರಿನ್‌ಗೆ ಕೂಗಬೇಕೆನಿಸಲಿಲ್ಲ. ಕೂಗಬೇಕು ಎಂದು ತಲೆಗೆ ಹೊಳೆಯಿತು, ಆದರೆ ಎದೆಯಲ್ಲಿ ಏನೂ ಅಲುಗಲಿಲ್ಲ. ಕೈ ಒರೆಸಿಕೊಂಡು ಆಸ್ಪತ್ರೆಗೆ ಫೋನು ಮಾಡಿದಳು. ಇದುವರೆಗೆ ಮನುಷ್ಯರಿಗೆ ತಗುಲಿದ್ದು ಕಂಡಿಲ್ಲ, ಆದರೂ ತಿನ್ನಬೇಡಿ ಎನ್ನುತ್ತೇವೆ, ಮಾಡಿಸುವ ಪರೀಕ್ಷೆಯಂತೂ ಯಾವುದೂ ಇಲ್ಲ, ದಿನಾಂಕ ಬರೆದಿಟ್ಟುಕೊಳ್ಳಿ ಎಂದಳು ನರ್ಸು. ಕೊರಿನ್ ಬರೆದಳು: ತಾರೀಕು, ಎರಡು ತುಂಡು, ಯಾವುದೆಂದು ತಿಳಿಯದು. ಅಕ್ಷರ ಎಂದಿನಂತೆಯೇ ದುಂಡಗಿತ್ತು. ಒಳಕೋಣೆಗೆ ಹೋಗಿ ನೋಡಿದಳು. ಎಲ್ಸಿ ಬಾಯಿ ತೆರೆದುಕೊಂಡು ಮಲಗಿದ್ದಳು. ಹೊದಿಕೆ ಸರಿಮಾಡಿ ಬಂದಳು.

ಆರ್ಡಿಸ್ ಇನ್ನೂ ಅಲ್ಲೇ ನಿಂತಿದ್ದಳು.

"ಏನಂದ್ಲು?"

"ಏನೂ ಮಾಡೋಕಾಗಲ್ಲ ಅಂದ್ಲು. ಕೂತ್ಕೊಳ್ಳಿ ಅಮ್ಮ."

"ಕೂತ್ರೆ ಏಳೋಕಾಗಲ್ಲ." ಆರ್ಡಿಸ್ ಕೈಗವಸನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಲೋವೆಲ್‌ಗೆ ಸಂಜೆ ನಾನೇ ಹೇಳ್ತೀನಿ. ನಿನ್ನ ಹತ್ರ ಕೇಳೋದು ಬೇರೆ."

"ಹೇಳಿ."

"ಇನ್ಮೇಲೆ ಮಗೂನ ನನ್ನ ಹತ್ರ ಒಂಟಿಯಾಗಿ ಬಿಡಬೇಡ. ನಾನು ಬಿಡು ಅಂದ್ರೂ ಬಿಡಬೇಡ, ಹಟ ಮಾಡಿದ್ರೂನೂ. ಆದ್ರೆ ಕರ್ಕೊಂಡು ಬರೋದು ನಿಲ್ಲಿಸ್ಬೇಡ. ಬಂದಾಗ ನೀನು ಬಾಗಿಲಲ್ಲಿ ನಿಂತು ನನ್ನ ಕಾವಲು ಕಾಯ್ಬೇಡ ಕಣೆ. ಆಲೂಗಡ್ಡೆನಾದ್ರೂ ಹೆರೀತಾ ಕೂತಿರು."