ಕುಪ್ಪಳಿಸಿದ ಆನೆ

ನಟ್ಟುಬೋಲ್ಟಕ್ಕ ಎಂದರೆ ಶಾಲೆಗೆಲ್ಲ ಗೊತ್ತು. ವಿಜ್ಞಾನದ ಟೀಚರು; ಕೆಟ್ಟ ಮಿಕ್ಸಿ ಕಂಡರೆ ಬಾಯಲ್ಲಿ ನೀರೂರುವ ಜೀವ. ಆನೆ, ಒಂಟೆಯಂಥ ನಡೆಯುವ ಯಂತ್ರಪ್ರಾಣಿಗಳನ್ನು ಮಕ್ಕಳ ಕೈಯಲ್ಲಿ ಮಾಡಿಸಬೇಕೆಂಬ ಹುಚ್ಚು ಅವಳಿಗೆ ಹಿಡಿದಿತ್ತು. "ಮೊದಲು ಒಂದು ಮಾದರಿ ನನ್ನ ಮೇಜಿನ ಮೇಲೆ ನಡೀಲಿ, ಆಮೇಲೆ ಒಪ್ಪಿಗೆ" ಎಂದಿದ್ದರು ಹೆಡ್‌ಮಾಸ್ಟರು.

ಅಕ್ಕ ರಟ್ಟಿನ ಆನೆಯೊಂದನ್ನು ಕಟ್ಟಿ ತಂದು ಸ್ವಿಚ್ ಒತ್ತಿದಳು. ಎಡಗಾಲು ಎದ್ದಾಗ ಬಲಗಾಲು ಊರಬೇಕಿತ್ತು. ಅವಳೋ ಅವಸರದಲ್ಲಿ ಎರಡೂ ಬದಿಯ ಕಾಲುಗಳನ್ನು ಒಟ್ಟಿಗೇ ಏಳುವಂತೆ ಜೋಡಿಸಿಬಿಟ್ಟಿದ್ದಳು. ಆನೆ ನಿಂತಲ್ಲೇ ಕುಪ್ಪಳಿಸಿತು.

"ಏನಮ್ಮಾ, ಆನೆ ಮೈಮೇಲೆ ಕಪ್ಪೆ ಬಂದಿದ್ಯಾ?" ಎಂದರು ಹೆಡ್‌ಮಾಸ್ಟರು.

ಅಕ್ಕ ಸೋಲೊಪ್ಪುವ ಪೈಕಿಯಲ್ಲ. ತಣ್ಣಗೆ ಸ್ಕ್ರೂಡ್ರೈವರ್ ಚಾಚಿದಳು. "ಆ ಕಡೆ ಕಾಲು ಅರ್ಧ ಸುತ್ತು ತಿರುಗಿಸ್ಬೇಕು ಸರ್. ಮಕ್ಕಳ ಕೆಲಸ, ನಿಮ್ಮಿಂದ ಆಗಲ್ಲ ಬಿಡಿ."

"ಆಗಲ್ವಾ? ಕೊಡಮ್ಮ ಇಲ್ಲಿ!"

ಹೆಡ್‌ಮಾಸ್ಟರು ಅಂಗಿಯ ತೋಳು ಮಡಿಚಿ ಆನೆಯ ಕಾಲು ಬಿಚ್ಚಲು ಕೂತರು. ಬೆಲ್ ಹೊಡೆಯಿತು, ಏಳಲಿಲ್ಲ. ಜವಾನ ಚಹಾ ತಂದಿಟ್ಟ, ನೋಡಲಿಲ್ಲ. ಕೊನೆಗೆ ಆನೆ ಗಜಗಾಂಭೀರ್ಯದಿಂದ ಮೇಜು ದಾಟಿ, ಆ ಚಹಾದ ಲೋಟವನ್ನು ಅವರ ಮಡಿಲಿಗೇ ಉರುಳಿಸಿತು.

ತೊಯ್ದ ಪ್ಯಾಂಟಿನಲ್ಲೇ ಅವರು ಕೂಗಿದರು: "ಒಪ್ಪಿಗೆ ಕೊಟ್ಟೆ! ಆದ್ರೆ ಒಂಟೆ ಮಾತ್ರ ನಾನೇ ಮಾಡೋದು, ಹುಡುಗ್ರು ಮುಟ್ಟಂಗಿಲ್ಲ!"